ಅಂಗಡಿಯಲ್ಲಿ ದುಡ್ಡು ಕೊಟ್ಟು ಹೊರಡುವಾಗ ಬಿಲ್ ತೋರಿಸಲಿಲ್ಲ ಅಂತ ಗಾರ್ಡ್ ತಡೆದು ಪೊಲೀಸರನ್ನು ಕರೆಸಿದ, ಅವರು ಗುರುತಿನ ಚೀಟಿ ಕೇಳಿದರು. ಇದಕ್ಕೆ ಏನು ಮಾಡಬಹುದು?

ಅಂಗಡಿಯ ನಿಯಮವನ್ನೇ ಕಾನೂನು ಅಂತ ಆ ಗಾರ್ಡ್ ನಂಬಿದಂತಿದೆ, ತೊಂದರೆ ಅಲ್ಲೇ ಶುರುವಾಗಿದ್ದು. ದುಡ್ಡು ಕೊಟ್ಟ ಮೇಲೆ ಸಾಮಾನು ನಿಮ್ಮದು. ಬಾಗಿಲಲ್ಲಿ ಬಿಲ್ ಕೇಳಬಹುದು, ಆದರೆ ಕಳ್ಳತನದ ಅನುಮಾನಕ್ಕೆ ಸರಿಯಾದ ಕಾರಣವಿಲ್ಲದೆ ಬ್ಯಾಗ್ ಹಿಡಿದು ನಿಲ್ಲಿಸುವ ಹಕ್ಕು ಸಾಮಾನ್ಯವಾಗಿ ಅವರಿಗಿಲ್ಲ. ಸದಸ್ಯರಿಗೆ ಮಾತ್ರ ಇರುವ ಮಳಿಗೆಯಾದರೆ ಮಾತು ಸ್ವಲ್ಪ ಬೇರೆ. ಬಿಲ್ ತೋರಿಸುತ್ತೇನೆ ಅಂತ ಫಾರಂನಲ್ಲೇ ಒಪ್ಪಿರಬಹುದು, ನೋಡಿಕೊಳ್ಳಿ. ಆಗಲೂ ಸದಸ್ಯತ್ವ ರದ್ದು ಮಾಡಬಹುದೇ ಹೊರತು ಕೈ ಹಿಡಿದು ಎಳೆಯುವಂತಿಲ್ಲ.

ಮೊದಲು ಬಿಲ್ಲಿನ ಫೋಟೋ ತೆಗೆದಿಡಿ. ಇಂಥದ್ದೇ ಜಗಳದಲ್ಲಿ ನಾನು ಬಿಲ್ಲನ್ನು ಪರ್ಸಿನಲ್ಲಿ ಮಡಚಿಟ್ಟಿದ್ದೆ. ಕೆಲವು ತಿಂಗಳ ಮೇಲೆ ತೆಗೆದರೆ ಬರೀ ಬಿಳಿ ಚೀಟಿ! ಶಾಖದಿಂದ ಅಕ್ಷರ ಮೂಡುವ ಆ ಥರ್ಮಲ್ ಕಾಗದದಲ್ಲಿ ಅಕ್ಷರ ನಿಲ್ಲುವುದಿಲ್ಲ. ಆಮೇಲೆ ದಿನ, ಹೊತ್ತು, ಯಾವ ಬಾಗಿಲು ಅಂತ ಬರೆದು, ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅಂಗಡಿಗೆ ಇವತ್ತೇ ಇಮೇಲ್ ಮಾಡಿ. ಹಳೇ ದೃಶ್ಯದ ಮೇಲೆ ಹೊಸದು ತಾನಾಗಿ ಕೂರುತ್ತದೆ, ಅವರೇನೂ ಬೇಕಂತ ಅಳಿಸಬೇಕಿಲ್ಲ.

ಪೊಲೀಸರು ಗುರುತಿನ ಚೀಟಿ ಕೇಳಿದ್ದು ಸರಿಯೋ ತಪ್ಪೋ ಅನ್ನುವುದು ಜಾಗದಿಂದ ಜಾಗಕ್ಕೆ ಬೇರೆ, ಅದನ್ನು ನಿಮ್ಮಲ್ಲಿನ ವಕೀಲರ ಹತ್ತಿರವೇ ಕೇಳಿ. ಪೊಲೀಸರ ಮೇಲಿನ ದೂರು ಬೇರೆ, ಅಂಗಡಿಯ ಮೇಲಿನ ದೂರು ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ.

ಮತ್ತೆ ಹೀಗಾದರೆ 'ನಾನು ಹೋಗಬಹುದಾ, ಇಲ್ಲಾ ತಡೆದಿದ್ದೀರಾ?' ಅಂತ ಒಂದೇ ಪ್ರಶ್ನೆ ಕೇಳಿ. ತಡೆದಿದ್ದೇವೆ ಅಂದರೆ ನಿಲ್ಲಿ. ಸುಮ್ನೆ ತಳ್ಳಾಟಕ್ಕೆ ಇಳಿದರೆ ಗೆಲ್ಲುವ ಕೇಸೂ ಅಲ್ಲೇ ಕೆಡುತ್ತದೆ.