ಎರಡು ಚಂದ್ರನ ಊರಲ್ಲಿ ಹುಣ್ಣಿಮೆ ಯಾವತ್ತು?

ಕಾಮಿಕ್ಸ್ ಬರೆಯುವವರು ಪತ್ರ ಹಾಕಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಮಲೆನಾಡಿನ ಕಡೆಯಿಂದಲೇ ಜಾಸ್ತಿ ಬಂದಿವೆ. ಅದರಲ್ಲಿ ಮೂರಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಾನೊಂದು ವೈಜ್ಞಾನಿಕ ಕಾಮಿಕ್ಸ್ ಬರೆಯುತ್ತಿದ್ದೇನೆ. ಭೂಮಿಯವರು ಒಂಬತ್ತು ಗ್ರಹಗಳಿಗೆ ಹೋಗಿ ನೆಲೆಸಿದ್ದಾರೆ. ಎಲ್ಲ ಕಡೆ ಒಂದೇ ಬಟ್ಟೆ, ಒಂದೇ ಭಾಷೆ, ಒಂದೇ ಹಬ್ಬ ಇರಬೇಕು ಅಂತ ಸರ್ಕಾರದ ಆಜ್ಞೆ. ತಪ್ಪಿದರೆ ಸೈನಿಕರು ಬಂದು ಹೊಡೆಯುತ್ತಾರೆ. ಹದಿನಾರು ಪುಟ ಆಗಿದೆ. ಗೆಳತಿಯರು ಓದಿ, ಬರೀ ಹೊಡೆದಾಟ, ಬೇಜಾರು ಅನ್ನುತ್ತಾರೆ. ಏನು ಮಾಡಲಿ?
— ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಗೆಳತಿಯರು ಹೇಳಿದ್ದು ಸರಿ. ಸೈನಿಕರನ್ನು ಎರಡು ಪುಟಕ್ಕೆ ಇಳಿಸಿ. ಹೊಡೆತಕ್ಕೆ ಜನ ಬಗ್ಗುತ್ತಾರೆ, ಆದರೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ತಮ್ಮ ಮಾತು ತಾವು ಆಡುತ್ತಾರೆ. 1684ರಲ್ಲಿ ಗೋವಾದ ಪೋರ್ಚುಗೀಸ್ ವೈಸರಾಯ್ ಒಂದು ಹುಕುಂ ಹೊರಡಿಸಿದ. ಮೂರು ವರ್ಷದೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು ಅಂತ. ಮೂರು ವರ್ಷ ಹೋಗಿ ಮುನ್ನೂರು ವರ್ಷ ಕಳೆಯಿತು, 1987ರಲ್ಲಿ ಅದೇ ಗೋವಾದಲ್ಲಿ ಕೊಂಕಣಿ ಆಡಳಿತ ಭಾಷೆಯಾಯಿತು. ನಿಮ್ಮ ಸಾಗರದ ಪೇಟೆಯಲ್ಲೇ ಸಂಜೆ ಹೊತ್ತು ಸುಮ್ನೆ ಒಂದು ಅಂಗಡಿ ಮುಂದೆ ನಿಂತರೂ ಕೊಂಕಣಿ ಕಿವಿಗೆ ಬೀಳುತ್ತದೆ, ಅಲ್ವಾ?

ಹಾಗಾದರೆ ಮಾತು ಹೋಗುವುದು ಹೇಗೆ? ನನ್ನದೇ ಹೇಳುತ್ತೇನೆ. ಹತ್ತನೇ ಕ್ಲಾಸು ಮುಗಿಸಿ ದೊಡ್ಡ ಊರಿನ ಹಾಸ್ಟೆಲ್ ಸೇರಿದಾಗ ನನ್ನ ಬಾಯಲ್ಲಿ 'ಏನು' ಇರಲಿಲ್ಲ, 'ಎಂತ' ಇತ್ತು. ಮೊದಲ ದಿನ ಊಟದ ಸಾಲಿನಲ್ಲಿ ನಿಂತು 'ಇವತ್ತು ಎಂತ ಸಾರು?' ಅಂದೆ. ಹಿಂದಿದ್ದ ಹುಡುಗ ಅದನ್ನೇ ರಾಗವಾಗಿ ಎಳೆದು ಹೇಳಿದ, ಸಾಲೆಲ್ಲ ನಕ್ಕಿತು. ಅಷ್ಟೇ ಆಗಿದ್ದು. ಯಾರೂ ಬೈಯಲಿಲ್ಲ, ಯಾವ ರೂಲ್ಸೂ ಇರಲಿಲ್ಲ. ದಸರಾ ರಜೆಗೆ ಮನೆಗೆ ಬಂದವನು ಅಡುಗೆಮನೆ ಬಾಗಿಲಲ್ಲಿ ನಿಂತು 'ಏನಮ್ಮಾ ತಿಂಡಿ?' ಅಂದೆ. ಅಮ್ಮ ದೋಸೆ ಎರೆಯುತ್ತಿದ್ದವಳು ಕೈ ನಿಲ್ಲಿಸಿ ತಿರುಗಿದಳು. 'ಯಾರೋ ನೆಂಟರು ಬಂದ್ರು ಅಂದ್ಕಂಡೆ' ಅಂದಳು. ಕಾವಲಿ ಮೇಲಿನ ದೋಸೆ ಒಂದು ಬದಿ ಸೀದಿತ್ತು. ಅವತ್ತಿನ ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಿಮ್ಮ ಕಥೆಗೆ ಬೇಕಿರುವುದು ಆ ಊಟದ ಸಾಲು ಮತ್ತು ಆ ಅಡುಗೆಮನೆ.

ಇನ್ನು ಹಬ್ಬ. ಕಥೆಯ ಜೀವ ಇರುವುದೇ ಇಲ್ಲಿ, ನೀವು ಒಂದೇ ಚಿತ್ರದ ಬಾಕ್ಸಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಒಂಬತ್ತರಲ್ಲಿ ಒಂದು ಗ್ರಹ ಮಂಗಳ ಅಂತ ಇಟ್ಟುಕೊಳ್ಳಿ. ಅಲ್ಲಿ ಎರಡು ಚಂದ್ರ. ದೊಡ್ಡದು ಫೋಬೋಸ್, 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಮುಗಿಸುತ್ತದೆ, ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುತ್ತದೆ. ಅದು ತುಂಬುವ ಹೊತ್ತಿಗೇ ಮಂಗಳದ ನೆರಳಿಗೆ ಸಿಕ್ಕಿಬೀಳುವುದರಿಂದ ವರ್ಷದ ಬಹುಪಾಲು ಹುಣ್ಣಿಮೆ ಅಂದರೆ ಗ್ರಹಣವೇ. ಇನ್ನೊಂದು ಡೀಮೋಸ್, ಬರೀ ಒಂದು ಹೊಳೆಯುವ ಚುಕ್ಕಿ. ಅಲ್ಲಿ ನಮ್ಮ ರೈತರ ಭೂಮಿ ಹುಣ್ಣಿಮೆ ಹಬ್ಬ ಯಾವತ್ತು ಮಾಡುವುದು?

ಈ ಹಬ್ಬಕ್ಕೆ ನಿಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ಮಾಡುವುದನ್ನು ನೋಡಿರುತ್ತೀರಿ. ಬಿದಿರ ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಗೆರೆ ಎಳೆಯುತ್ತಾರೆ. ನೂಲಿನ ಎಳೆಯಷ್ಟು ಸಣ್ಣ ಗೆರೆ. ಎಳೆಯುವಾಗ ಮಾತು ತಾನಾಗಿ ನಿಲ್ಲುತ್ತದೆ. ಹುಣ್ಣಿಮೆ ದಿನ ಬೆಳಕು ಹರಿಯುವ ಮೊದಲೇ ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಚರಗ, ಅಂದರೆ ಎಡೆ, ಹಾಕುತ್ತಾರೆ. ನಿಮ್ಮ ಮಂಗಳದ ಅಜ್ಜಿಯೊಬ್ಬಳು ಇದನ್ನು ಮಾಡಲಿ. ಅಲ್ಲಿನ ಮಣ್ಣು ಕೆಂಪಗಿರುವುದು ತುಕ್ಕು ಹಿಡಿದ ಕಬ್ಬಿಣದಿಂದ, ನಮ್ಮ ಕೆಮ್ಮಣ್ಣೂ ಹಾಗೇ. ಆದರೆ ಅಲ್ಲಿಯದರಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಉಪ್ಪು ಸೇರಿದೆ, ಅಜ್ಜಿ ಕೈಗವಸು ಹಾಕಿಕೊಂಡೇ ಬಳಿಯಬೇಕು. ಸರ್ಕಾರದ ಕ್ಯಾಲೆಂಡರಿನ ದಿನ ಬಿಟ್ಟು, ಫೋಬೋಸ್ ಗ್ರಹಣ ಬಿಟ್ಟು ಆಚೆ ಬರುವ ಕ್ಷಣ ಕಾಯುತ್ತಾ ಅವಳು ಕಿಟಕಿ ಹತ್ತಿರ ಕೂತಿರಲಿ. ಅಷ್ಟರಲ್ಲಿ ಮೊಮ್ಮಗಳ ಸ್ಕೂಲ್ ಗೆಳತಿ ಬಾಗಿಲು ತಟ್ಟಲಿ, ಮೊಮ್ಮಗಳು ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಲಿ. ಈ ಬಾಕ್ಸಿಗೆ ಇಡೀ ಪುಟ ಕೊಡಿ, ಮಾತು ಒಂದೂ ಬೇಡ.

ಪ್ರಶ್ನೆ: ಇಂಥ ಕಥೆಗಳಲ್ಲಿ ಎಷ್ಟೋ ಗ್ರಹಗಳ ಜನ ಎಲ್ಲ ಒಂದೇ ಥರ ಇರುತ್ತಾರೆ. ಅದು ಆಗುವ ಮಾತೇ?
— ನಿವೃತ್ತ ಮೇಷ್ಟ್ರು, ಹೊಸನಗರ

ಉತ್ತರ: ಆಗುವ ಮಾತಲ್ಲ ಸರ್. ಬೆಳಕಿಗೇ ಮಂಗಳ ಮುಟ್ಟಲು 3ರಿಂದ 22 ನಿಮಿಷ ಬೇಕು. ಸೂರ್ಯನಿಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ನಾಲ್ಕು ವರ್ಷಕ್ಕೂ ಮೀರಿದ ದಾರಿ. ಇನ್ನೊಂದು ನಕ್ಷತ್ರ ಟೌ ಸೆಟಿ ಸುಮಾರು 12. ಆಜ್ಞೆ ಹೊರಟು ಅಲ್ಲಿ ಮುಟ್ಟುವಷ್ಟರಲ್ಲಿ ಇಲ್ಲಿ ಮಾತು ಬದಲಾಗಿರುತ್ತದೆ, ಬಟ್ಟೆ ಬದಲಾಗಿರುತ್ತದೆ, ಆಜ್ಞೆ ಮಾಡಿದವನೂ ಇರುತ್ತಾನೋ ಇಲ್ಲವೋ. ಪ್ರಾಕ್ಸಿಮಾದವರು ನಾಲ್ಕು ವರ್ಷ ಹಳೆಯ ಭೂಮಿಯನ್ನು, ಟೌ ಸೆಟಿಯವರು ಹನ್ನೆರಡು ವರ್ಷ ಹಳೆಯ ಭೂಮಿಯನ್ನು ನೋಡಿ ನಡೆಯುತ್ತಾರೆ. ಎಲ್ಲರೂ ಅಕ್ಷರಕ್ಷರ ಪಾಲಿಸಿದರೂ ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ.

ನಮ್ಮ ಮಳೆ ಲೆಕ್ಕವನ್ನೇ ನೋಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಆರಿದ್ರೆ ಮಳೆ, ಪುನರ್ವಸು ಮಳೆ ಅಂತ ಎಣಿಸುತ್ತೇವೆ. ಮಂಗಳದಿಂದಲೂ ನಕ್ಷತ್ರಗಳು ಇವೇ ಕಾಣುತ್ತವೆ. ಆದರೆ ಅಲ್ಲಿ ವರ್ಷಕ್ಕೆ ನಮ್ಮ ಲೆಕ್ಕದ 687 ದಿನ, ಹಾಗಾಗಿ ಸರಾಸರಿ 25 ದಿನ ಆರಿದ್ರೆ. ಮಳೆ ಮಾತ್ರ ಒಂದು ಹನಿಯೂ ಇಲ್ಲ. ಆರಿದ್ರೆ ಅಂದರೆ ಎಂತ ಅಂತ ಅಲ್ಲಿ ಹುಟ್ಟಿದ ಮಗು ಕೇಳಿದರೆ, ಆಗುಂಬೆಯ ಮಳೆ ನೋಡಿದ ಒಬ್ಬ ಮುದುಕ ಏನು ಹೇಳಿಯಾನು? ನನಗಂತೂ ಆ ಕಥೆ ಓದಬೇಕು ಅನ್ನಿಸುತ್ತಿದೆ. ನೀವೇ ಬರೆಯಿರಿ ಸರ್.

ಪ್ರಶ್ನೆ: ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಕನ್ನಡ ಮಾತು ಬಲೂನಿನಲ್ಲಿ ಹಿಡಿಸುವುದೇ ಇಲ್ಲ.
— ಓದುಗ, ತೀರ್ಥಹಳ್ಳಿ

ಉತ್ತರ: ಮೊದಲು ಮಾತು ಬರೆಯಿರಿ, ಆಮೇಲೆ ಸುತ್ತ ಬಲೂನ್ ಎಳೆಯಿರಿ. 'ರಾಷ್ಟ್ರ' ಅಂತ ಬರೆದು ನೋಡಿ, ಒತ್ತು ಎಷ್ಟು ಕೆಳಗೆ ಇಳಿಯುತ್ತದೆ! ಕೆಳಗಿನ ಸಾಲಿಗೆ ತಾಗದ ಹಾಗೆ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಿ. ಇಂಗ್ಲಿಷಿನವರ ಹಾಗೆ ಕೂಗಾಟಕ್ಕೆ ಬೇರೆ ದೊಡ್ಡಕ್ಷರ ನಮ್ಮಲ್ಲಿಲ್ಲ, ದಪ್ಪ ನಿಬ್ಬಿನಲ್ಲಿ ದೊಡ್ಡದಾಗಿ ಬರೆಯಿರಿ. ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು ಇಂಕು ಹರಡುತ್ತದೆ. ಹಿಂದಿನ ರಾತ್ರಿಯೇ ಹಾಳೆಗಳನ್ನು ಒಲೆಯಿಂದ ಒಂದು ಮಾರು ದೂರದ ಗೂಡಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ.