ಬ್ರಿಟನ್ 939ರಲ್ಲೇ ಒಂದಾಗಿ ಉಳಿದಿದ್ದರೆ?

ಪ್ರಶ್ನೆ: ಬ್ರಿಟನ್ನಿನ ಆಂಗ್ಲೋ-ಸ್ಯಾಕ್ಸನ್ (ಇಂಗ್ಲಿಷರ), ಕೆಲ್ಟಿಕ್ (ವೇಲ್ಸ್, ಸ್ಕಾಟರ), ವೈಕಿಂಗ್ (ಸ್ಕ್ಯಾಂಡಿನೇವಿಯಾದಿಂದ ಬಂದವರ) ರಾಜ್ಯಗಳೆಲ್ಲ ಹತ್ತನೇ ಶತಮಾನದಲ್ಲೇ ಒಂದಾಗಿಬಿಡುವ ಅವಕಾಶ ನಿಜವಾಗಿಯೂ ಇತ್ತಾ, ಅಥವಾ ಇದು ಸುಮ್ನೆ ಕಲ್ಪನೆಯಾ?
– ಓದುಗರು, ಶಿವಮೊಗ್ಗ

ಉತ್ತರ: ಇತ್ತು. ಎರಡು ಸಲ ಕೈಗೆ ಬಂದು ಜಾರಿಹೋಯಿತು. ಮೊದಲನೆಯದು ನನ್ನನ್ನು ಜಾಸ್ತಿ ಕಾಡುತ್ತದೆ.

926ರ ಜನವರಿ 30ರಂದು ಟ್ಯಾಮ್‌ವರ್ತ್‌ನಲ್ಲಿ ಒಂದು ಮದುವೆ ನಡೆಯಿತು. ಆಂಗ್ಲೋ-ಸ್ಯಾಕ್ಸನರ ದೊರೆ, ದಕ್ಷಿಣದ ವೆಸೆಕ್ಸ್ ರಾಜ್ಯದ ಆಲ್ಫ್ರೆಡ್‌ನ ಮೊಮ್ಮಗ ಅಥೆಲ್‌ಸ್ಟನ್ ತನ್ನ ಸೋದರಿಯನ್ನು ಯಾರ್ಕ್‌ನ ವೈಕಿಂಗ್ ದೊರೆ ಸಿಟ್ರಿಕ್‌ಗೆ ಕೊಟ್ಟ. ಮರುವರ್ಷವೇ ಸಿಟ್ರಿಕ್ ಸತ್ತ. ಅಥೆಲ್‌ಸ್ಟನ್ ಕೂಡಲೇ ಯಾರ್ಕ್‌ಗೆ ಹೋಗಿ ಊರನ್ನು ಕೈಗೆ ತೆಗೆದುಕೊಂಡ. ಆ ವರ್ಷ ಜುಲೈ 12ರಂದು ಪೆನ್ರಿತ್ ಹತ್ತಿರದ ಈಮಂಟ್‌ನಲ್ಲಿ ಸ್ಕಾಟರ ದೊರೆ ಕಾನ್‌ಸ್ಟಂಟೈನ್, ವೇಲ್ಸ್‌ನ ಹವೆಲ್, ಬಾಂಬರೋದ ಈಲ್ಡ್ರೆಡ್ ಮೊದಲಾದವರು ಬಂದು ಅವನನ್ನು ತಮ್ಮ ಮೇಲಿನ ದೊರೆ ಎಂದು ಒಪ್ಪಿಕೊಂಡರು. ಅವನ ಬೆಳ್ಳಿ ನಾಣ್ಯದ ಮೇಲೆ ಒಂದು ಲ್ಯಾಟಿನ್ ಮಾತು ಬಂತು, 'ರೆಕ್ಸ್ ಟೋಟಿಯಸ್ ಬ್ರಿಟಾನಿಯೆ'. ಇಡೀ ಬ್ರಿಟನ್ನಿನ ದೊರೆ ಎಂದು ಅರ್ಥ. ನಾಣ್ಯ ಚಿಕ್ಕದು, ಜಾಗ ಸಾಲದೆ ಅಕ್ಷರಗಳನ್ನು ಮೊಟಕು ಮಾಡಿ ಹೊಡೆದಿದ್ದಾರೆ. ಆದರೂ ಆ ಮಾತನ್ನು ಬಿಟ್ಟಿಲ್ಲ.

939ರ ಅಕ್ಟೋಬರ್ 27ರಂದು ಗ್ಲೌಸ್ಟರ್‌ನಲ್ಲಿ ಅಥೆಲ್‌ಸ್ಟನ್ ತೀರಿಕೊಂಡ. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದ ತಮ್ಮ ಎಡ್ಮಂಡ್‌ಗೆ ಹದಿನೆಂಟರ ಆಸುಪಾಸು. ಸ್ವಲ್ಪ ದಿನದಲ್ಲೇ ಡಬ್ಲಿನ್‌ನಿಂದ ವೈಕಿಂಗ್ ದೊರೆ ಓಲಾಫ್ ಗುತ್‌ಫ್ರಿತ್‌ಸನ್ ಬಂದು ಯಾರ್ಕ್‌ನಲ್ಲಿ ಕೂತ. ಅವನೂ ಅಲ್ಲೇ ನಾಣ್ಯ ಹೊಡೆಸಿದ. ಒಂದು ಕಡೆ ರೆಕ್ಕೆ ಬಿಚ್ಚಿದ ಕಾಗೆಯಂಥ ಹಕ್ಕಿ, ಅಂಚಿನ ಸುತ್ತ 'ಅನ್ಲಾಫ್ ಕುನುಂಕ್', ಅಂದರೆ ಓಲಾಫ್ ದೊರೆ. ನೋಡಿ, ಈಗ 'ರೆಕ್ಸ್' ಅನ್ನುವ ಲ್ಯಾಟಿನ್ ಪದವೇ ಇಲ್ಲ, ವೈಕಿಂಗರ ನಾರ್ಸ್ ಮಾತಿನಲ್ಲೇ ದೊರೆ ಎಂದು ಬರೆಸಿದ್ದಾನೆ. ಹನ್ನೆರಡು ವರ್ಷ ಕಟ್ಟಿದ ಒಗ್ಗಟ್ಟು ಬಿಚ್ಚಿಕೊಳ್ಳಲು ಕೆಲವೇ ತಿಂಗಳು ಸಾಕಾಯಿತು. ಯಾಕೆ ಅಂದರೆ ಯಾರ್ಕ್‌ನವರು ಒಪ್ಪಿಕೊಂಡದ್ದು ಅಥೆಲ್‌ಸ್ಟನ್‌ನನ್ನು, ಅವನ ಸಿಂಹಾಸನವನ್ನಲ್ಲ.

ಹಾಗಾಗಿ ನನ್ನ ಪರ್ಯಾಯ ಇತಿಹಾಸ ಯುದ್ಧದಿಂದ ಶುರುವಾಗುವುದಿಲ್ಲ, ಟ್ಯಾಮ್‌ವರ್ತ್‌ನ ಆ ಮದುವೆಯಿಂದ ಶುರುವಾಗುತ್ತದೆ. ಸಿಟ್ರಿಕ್ ಇನ್ನೊಂದು ಹದಿನೈದು ವರ್ಷ ಬದುಕಿ, ಆ ಹೆಣ್ಣುಮಗಳಿಗೆ ಒಂದು ಗಂಡು ಮಗು ಹುಟ್ಟಿದ್ದರೆ? ಆ ಹುಡುಗನಿಗೆ ತಾಯಿಯ ಕಡೆಯಿಂದ ವೆಸೆಕ್ಸ್, ತಂದೆಯ ಕಡೆಯಿಂದ ಯಾರ್ಕ್ ಮತ್ತು ಡಬ್ಲಿನ್ ನಂಟು. ಎರಡೂ ಕಡೆಯವರಿಗೆ ಅವನು ನಮ್ಮವನು. ಇಂಗ್ಲಿಷರೂ ವೈಕಿಂಗರೂ ಒಂದಾಗಲು ಇಷ್ಟು ಸಾಕಿತ್ತು ಅನ್ನಿಸುತ್ತದೆ.

ಪ್ರಶ್ನೆ: 937ರ ಬ್ರುನನ್‌ಬುರ್ ಯುದ್ಧದಲ್ಲಿ ಡಬ್ಲಿನ್‌ನ ಓಲಾಫ್, ಸ್ಕಾಟರ ಕಾನ್‌ಸ್ಟಂಟೈನ್, ಸ್ಟ್ರಾತ್‌ಕ್ಲೈಡ್ ಎಂಬ ಕೆಲ್ಟಿಕ್ ರಾಜ್ಯದ ದೊರೆ ಮೂವರೂ ಸೇರಿ ಅಥೆಲ್‌ಸ್ಟನ್‌ನ ಮೇಲೆ ಬಂದು ಸೋತರಲ್ಲ, ಅವರೇ ಗೆದ್ದಿದ್ದರೆ ಕೆಲ್ಟಿಕ್ ಬ್ರಿಟನ್ ಒಂದಾಗುತ್ತಿತ್ತಾ?
– ಓದುಗರು, ಧಾರವಾಡ

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಅವರನ್ನು ಸೇರಿಸಿದ್ದು ಒಬ್ಬ ಶತ್ರು. ಅವನು ಬಿದ್ದ ಮೇಲೆ ಯಾರ್ಕ್ ಓಲಾಫ್‌ಗೆ, ಗಡಿ ಕಾನ್‌ಸ್ಟಂಟೈನ್‌ಗೆ ಅಂತ ಹಂಚಿಕೆಯಾಗಿ, ಆಮೇಲೆ ಹಂಚಿಕೆಗೇ ಜಗಳ ಆಗುತ್ತಿತ್ತು. ವೇಲ್ಸ್‌ನ ಒಂದು ಹಳೆಯ ಪದ್ಯ ಇದೆ, ಹತ್ತನೇ ಶತಮಾನದ್ದೇ ಎನ್ನುತ್ತಾರೆ. ವೇಲ್ಸ್, ಐರ್ಲೆಂಡ್, ಕಾರ್ನ್‌ವಾಲ್, ಡಬ್ಲಿನ್‌ನ ವೈಕಿಂಗರು ಎಲ್ಲ ಸೇರಿ ಸ್ಯಾಕ್ಸನರನ್ನು ಸಮುದ್ರಕ್ಕೆ ಅಟ್ಟಬೇಕು ಅನ್ನುವ ಆಸೆ ಅದರಲ್ಲಿದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಅದೇ ವೇಲ್ಸ್‌ನ ಹವೆಲ್ ಆ ಯುದ್ಧಕ್ಕೆ ಹೋದ ದಾಖಲೆಯೇ ಇಲ್ಲ. ಅವನು ಅಥೆಲ್‌ಸ್ಟನ್‌ನ ಆಸ್ಥಾನದಲ್ಲಿ ದಾನಪತ್ರಗಳಿಗೆ ಸಾಮಂತ ದೊರೆಯಾಗಿ ಸಾಕ್ಷಿ ನಿಂತವನು. ತಲೆ ಬಗ್ಗಿಸಿ ತನ್ನ ನಾಡನ್ನು ಉಳಿಸಿಕೊಂಡ. ನಾನು ಅವನನ್ನು ಹೇಡಿ ಅನ್ನುವುದಿಲ್ಲ.

ಪ್ರಶ್ನೆ: ಎರಡನೇ ಅವಕಾಶ ಅಂದರೆ ಕ್ನೂಟ್ ದೊರೆಯಾ?
– ಓದುಗರು, ಮಂಗಳೂರು

ಉತ್ತರ: ಹೌದು, ಡೆನ್ಮಾರ್ಕ್ ರಾಜಮನೆತನದ ಆ ವೈಕಿಂಗ್ ದೊರೆಯೇ. 1016ರಲ್ಲಿ ಇಂಗ್ಲೆಂಡ್, ಆಮೇಲೆ ಡೆನ್ಮಾರ್ಕ್, 1028ರಲ್ಲಿ ನಾರ್ವೆ ಅವನ ಕೈಸೇರಿದವು. 1031ರ ಹೊತ್ತಿಗೆ ಸ್ಕಾಟರ ದೊರೆ ಮಾಲ್ಕಮ್ ಕೂಡ ತಲೆಬಾಗಿದ. ಆದರೆ 1018ರಲ್ಲಿ ತನ್ನ ಸೇನೆಗೆ ಕೊಡಲು ಇಂಗ್ಲೆಂಡ್ ಒಂದರಿಂದಲೇ 72,000 ಪೌಂಡ್ ಎತ್ತಿದ, ಲಂಡನ್ ಬೇರೆ 10,500 ಕೊಟ್ಟಿತು. ಇಷ್ಟು ಹಣ ಎತ್ತಲು ಬೇಕಾದ ಜಿಲ್ಲೆ, ಹೋಬಳಿ, ಟಂಕಸಾಲೆಯ ವ್ಯವಸ್ಥೆ ಇದ್ದದ್ದು ಇಂಗ್ಲೆಂಡಿನಲ್ಲಿ. ನಾರ್ವೆಯಲ್ಲಾಗಲಿ ಸ್ಕಾಟರ ನಾಡಲ್ಲಾಗಲಿ ಅದು ಇರಲಿಲ್ಲ. 1035ರಲ್ಲಿ ಕ್ನೂಟ್ ಸತ್ತ. ನಾರ್ವೆ ಕೈತಪ್ಪಿತು. ಮಗ ಹಾರ್ತಕ್ನೂಟ್ ಡೆನ್ಮಾರ್ಕ್ ಬಿಟ್ಟು ಬರಲಾಗದೆ ಅಲ್ಲೇ ಸಿಕ್ಕಿಕೊಂಡ, ಕಡೆಗೆ ಬಂದು 1042ರಲ್ಲಿ ಲ್ಯಾಂಬೆತ್‌ನ ಒಂದು ಮದುವೆ ಊಟದಲ್ಲಿ ಕುಡಿಯುತ್ತ ನಿಂತಲ್ಲೇ ಕುಸಿದು ಸತ್ತ. ಇಪ್ಪತ್ತೈದರ ಆಸುಪಾಸಿನ ಹುಡುಗ. ಅವನಿಗೆ ಮಕ್ಕಳಿದ್ದಿದ್ದರೆ, ಫ್ರಾನ್ಸಿನ ನಾರ್ಮಂಡಿಯಲ್ಲಿ ಬೆಳೆದ ಅವನ ಮಲಅಣ್ಣ ಎಡ್ವರ್ಡ್ ಪಟ್ಟಕ್ಕೆ ಬರುತ್ತಿರಲಿಲ್ಲ. ಎಡ್ವರ್ಡ್‌ನ ಮೂಲಕ ನಾರ್ಮಂಡಿಯ ದೊರೆ ವಿಲಿಯಂ ಹಕ್ಕು ಕೇಳಿಕೊಂಡು 1066ರಲ್ಲಿ ಬರಲು ದಾರಿಯೂ ಇರುತ್ತಿರಲಿಲ್ಲ. ಇಂಗ್ಲಿಷ್ ಭಾಷೆಗೆ ಫ್ರೆಂಚ್ ಪದಗಳು ಇಷ್ಟು ನುಗ್ಗುತ್ತಿರಲಿಲ್ಲ, ಅಲ್ವಾ?

ಪ್ರಶ್ನೆ: ನಾನು ಲೆಸ್ಟರ್‌ನಲ್ಲಿರುವ ಕನ್ನಡತಿ. ಇಲ್ಲಿ ಬಾಗಿಲೇ ಇಲ್ಲದ ಬೀದಿಗಳಿಗೂ 'ಗೇಟ್' ಅಂತ ಹೆಸರು. ಇದಕ್ಕೂ ವೈಕಿಂಗರಿಗೂ ಸಂಬಂಧ ಇದೆಯಾ?

ಉತ್ತರ: ಖಂಡಿತ ಇದೆ. ಲೆಸ್ಟರ್ ವೈಕಿಂಗರ ಐದು ಕೋಟೆ ಊರುಗಳಲ್ಲಿ ಒಂದು. ಉಳಿದವು ಲಿಂಕನ್, ನಾಟಿಂಗ್‌ಹ್ಯಾಮ್, ಸ್ಟ್ಯಾಮ್‌ಫರ್ಡ್, ಡರ್ಬಿ. ನಾರ್ಸ್ ಮಾತಲ್ಲಿ 'ಗಾತಾ' ಅಂದರೆ ಬೀದಿ. ಬೆಲ್‌ಗ್ರೇವ್ ಗೇಟ್, ಹಂಬರ್‌ಸ್ಟನ್ ಗೇಟ್, ಗ್ಯಾಲೋಟ್ರೀ ಗೇಟ್ ಎಲ್ಲದರಲ್ಲೂ ಇರುವುದು ಆ ಪದ. ಡರ್ಬಿಯ 'ಬಿ' ಅಂದರೆ ಊರು. ಇಂಗ್ಲಿಷಿನ 'ದೇ', 'ದೆಮ್', 'ಎಗ್', 'ಸ್ಕೈ', 'ಲಾ' ಕೂಡ ಅವರಿಂದಲೇ ಬಂದವು. 'ಅವರು' ಅನ್ನುವಂಥ ಸರ್ವನಾಮವನ್ನು ಯಾರೂ ಸುಮ್ನೆ ಸಾಲ ತರುವುದಿಲ್ಲ. ಒಂದೇ ಬೀದಿಯಲ್ಲಿ ಬದುಕಿ, ಮದುವೆಯಾಗಿ, ಒಂದೇ ಸಂತೆಯಲ್ಲಿ ಚೌಕಾಸಿ ಮಾಡಿದವರು ಮಾತ್ರ ಹಾಗೆ ಮಾಡುತ್ತಾರೆ. ನಿಮ್ಮ ಊರಿನ ಬೀದಿಗಳಲ್ಲಿ ಜನ ಆಗಲೇ ಬೆರೆತುಹೋಗಿದ್ದರು.