ಸಿಬಿ ಹಾಕಿಸಲಾ, ಹ್ಯಾಮ್ ಲೈಸೆನ್ಸ್ ತಗೊಳ್ಳಲಾ ಅಂತ ಕೇಳಿದ ದಾವಣಗೆರೆಯ ತಮ್ಮನಿಗೆ

ತಮ್ಮಾ, ಅಣ್ಣಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ದಾವಣಗೆರೆ ಬಿಟ್ಟು ಅಮೆರಿಕಕ್ಕೆ ಬಂದು ಎಂಟು ತಿಂಗಳು, ಟ್ರಕ್ ಲೈಸೆನ್ಸ್ ಕೈಗೆ ಬಂದಿದೆ, ಮುಂದಿನ ತಿಂಗಳಿಂದ ಒಬ್ಬನೇ ಲಾಂಗ್ ರೂಟು. ಸಿಬಿ, ಅಂದರೆ ಟ್ರಕ್ಕಿನವರು ಹತ್ತಿರದವರ ಜೊತೆ ಮಾತಾಡುವ ರೇಡಿಯೋ, ಈಗ ಯಾರೂ ಬಳಸಲ್ಲ ಅಂತಾರೆ, ಹ್ಯಾಮ್, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ, ಜಾಸ್ತಿ ದೂರ ಹೋಗುತ್ತೆ ಅಂತಾರೆ, ಇರುವ ದುಡ್ಡು ಯಾವುದಕ್ಕೆ ಹಾಕಲಿ ಅಂತ ಕೇಳಿದ್ದೀಯ. ನಾನು ಚಿತ್ರದುರ್ಗದವನು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ, ಅದರಲ್ಲಿ ಹನ್ನೊಂದು ವರ್ಷ ಸ್ಟೀರಿಂಗ್ ಮುಂದೆಯೇ ಕಳೆದಿವೆ. ಎರಡೂ ರೇಡಿಯೋ ನನ್ನ ಕ್ಯಾಬಿನ್‌ನಲ್ಲಿವೆ. ಮೊದಲು ಸಿಬಿ ಹಾಕಿಸು. ಹ್ಯಾಮ್ ಪರೀಕ್ಷೆಯನ್ನೂ ಬರೆ, ಆದರೆ ಅದು ಕೆಲಸಕ್ಕಲ್ಲ, ನಿನಗೋಸ್ಕರ.

ಎಷ್ಟು ದೂರ ಹೋಗುತ್ತೆ ಅಂತ ನೋಡಬೇಡ, ಯಾರ ಹತ್ತಿರ ಮಾತಾಡಬೇಕು ಅಂತ ನೋಡು. ನಮ್ಮಪ್ಪ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು, ಶಾಲೆಗೆ ರಜೆ ಬಂದರೆ ನಾನು ಕ್ಲೀನರ್ ಪಕ್ಕ ಕೂತಿರುತ್ತಿದ್ದೆ. ಎದುರಿನ ಲಾರಿಯವನು ಲೈಟು ಎರಡು ಸಲ ಡಿಪ್ ಮಾಡಿ ಕೈ ಆಡಿಸಿದರೆ ಸಾಕು, ಮುಂದೆ ಏನೋ ಆಗಿದೆ ಅಂತ ಅಪ್ಪ ಗೇರ್ ಇಳಿಸುತ್ತಿದ್ದರು. ಸಿಬಿ ಅಂದರೆ ಆ ಡಿಪ್‌ಗೆ ಬಾಯಿ ಬಂದ ಹಾಗೆ. ನಿನ್ನ ಹಿಂದೆ ಮುಂದೆ ಇರುವ ಟ್ರಕ್ಕಿನವರು ಹ್ಯಾಮ್‌ನಲ್ಲಿ ಇರಲ್ಲ. ಇದ್ದರೆ ಸಿಬಿಯ 19ನೇ ಚಾನೆಲ್‌ನಲ್ಲಿ ಇರುತ್ತಾರೆ. ಮೊದಲಿನಷ್ಟು ಜನ ಈಗ ಇಲ್ಲ, ಅದು ನಿಜ. ಆದರೆ ಅಪಘಾತ ಆದಾಗ, ಹಿಮ ಬಿದ್ದಾಗ, ಹೆದ್ದಾರಿ ನಿಂತಾಗ ಮೈಕುಗಳು ಹೊರಗೆ ಬರುತ್ತವೆ.

ಸಿಬಿಗೆ ಲೈಸೆನ್ಸ್ ಬೇಡ. 27 ಮೆಗಾಹರ್ಟ್ಸ್ ಹತ್ತಿರ 40 ಚಾನೆಲ್, ಮಾಮೂಲಿ ಎಎಂ ಮಾತಿಗೆ 4 ವ್ಯಾಟ್ ಶಕ್ತಿ, ಅಷ್ಟೇ. ಬಯಲಿನಲ್ಲಿ ಟ್ರಕ್ಕಿಂದ ಟ್ರಕ್ಕಿಗೆ ನಾಲ್ಕೈದು ಮೈಲಿ ಸಿಕ್ಕರೆ ಒಳ್ಳೆಯದು. ನಿನಗೆ ಬೇಕಾದ್ದೂ ಅಷ್ಟೇ ಅಲ್ವಾ? 9ನೇ ಚಾನೆಲ್ ತುರ್ತಿಗೆ, ಅದರಲ್ಲಿ ಹರಟೆ ಬೇಡ. ಭಾಷೆ ಮೊದಲು ಅರ್ಥ ಆಗಲ್ಲ. ಚಿಕನ್ ಕೂಪ್ ಅಂದರೆ ತೂಕ ಮಾಡುವ ಜಾಗ, ಬೇರ್ ಅಂದರೆ ಪೊಲೀಸ್, ಬ್ಯಾಕ್ ಇಟ್ ಡೌನ್ ಅಂದರೆ ವೇಗ ಇಳಿಸು ಅಂತ. ಒಂದು ವಾರ ಸುಮ್ನೆ ಕೇಳು, ಮಾತಾಡಬೇಡ. ನಮ್ಮ ಉಚ್ಚಾರಣೆ ಕೇಳಿ ಕೆಟ್ಟದಾಗಿ ಬೈಯುವವರೂ ಸಿಗುತ್ತಾರೆ. ನನಗೂ ಆಗಿದೆ, ತುಂಬಾ ನೋವಾಗಿದೆ. ಉತ್ತರ ಕೊಡಬೇಡ, ಸದ್ದು ಕಡಿಮೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳು.

ನನ್ನ ಮೊದಲ ಚಳಿಗಾಲದ ವಿಷಯ ಹೇಳಲೇಬೇಕು. ವಯೋಮಿಂಗ್‌ನಲ್ಲಿ ಐ-80 ರಸ್ತೆ, ಲಾರಮಿ ದಾಟಿ ಎಲ್ಕ್ ಮೌಂಟನ್ ಹತ್ತಿರ. ನಮ್ಮ ಜೋಗಿಮಟ್ಟಿ ಗಾಳಿ ಗೊತ್ತಲ್ಲ, ಅದನ್ನು ಮರೆತುಬಿಡು, ಇಲ್ಲಿ ಖಾಲಿ ಟ್ರೈಲರನ್ನು ಗಾಳಿ ಮಗುಚಿ ಹಾಕುತ್ತದೆ, ಬಿದ್ದ ಹಿಮವನ್ನೇ ಎತ್ತಿ ಎರಚಿದರೆ ಬಾನೆಟ್ ಕೂಡ ಕಾಣಲ್ಲ. ಫೋನ್ ಮ್ಯಾಪಿನಲ್ಲಿ ದಾರಿ ಖಾಲಿ ಅಂತ ತೋರಿಸುತ್ತಿತ್ತು. ಅಷ್ಟರಲ್ಲಿ 19ರಲ್ಲಿ ಒಬ್ಬ, ಮುಂದೆ ಒಂದು ಟ್ರೈಲರ್ ಅಡ್ಡ ಮಡಚಿಕೊಂಡು ಎರಡೂ ಲೇನ್ ಮುಚ್ಚಿದೆ ಅಂತ ಕೂಗಿದ. ನಿಧಾನಕ್ಕೆ ಇಳಿಸಿ ನಿಂತೆ. ಆಮೇಲೆ ಹಿಂದೆ ಬರುವವರಿಗೆ ಹೇಳೋಣ ಅಂತ ನಾನು ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ. ಕನ್ನಡಿಯಲ್ಲಿ ಬೆಳಕು ಹತ್ತಿರ ಬರುತ್ತಾ ಇತ್ತು. ಆ ಪುಣ್ಯಾತ್ಮ ನನ್ನ ಹಿಂದೆ ಹತ್ತು ಅಡಿ ಬಿಟ್ಟು ನಿಂತ. ಆ ಹತ್ತು ಅಡಿ ನನಗೆ ಇವತ್ತಿಗೂ ಕನಸಲ್ಲಿ ಬರುತ್ತದೆ.

ತಪ್ಪು ರೇಡಿಯೋದಲ್ಲಿ ಇರಲಿಲ್ಲ, ಆಂಟೆನಾದಲ್ಲಿತ್ತು. ಹಾಕಿಕೊಟ್ಟ ಅಂಗಡಿಯವರು ಕನ್ನಡಿಯ ಬ್ರಾಕೆಟ್ ಮೇಲಿನ ಬಣ್ಣ ಕೆರೆಯದೆ ಹಾಗೇ ಬೋಲ್ಟ್ ಮಾಡಿದ್ದರು, ಆಂಟೆನಾಗೆ ಟ್ರಕ್ಕಿನ ಲೋಹದ ಮೈಯಿಂದ ಅರ್ತ್ ಸಿಕ್ಕಿರಲಿಲ್ಲ. ಇತರರ ಮಾತು ಕೇಳುತ್ತಿತ್ತು, ನನ್ನದು ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ದುಬಾರಿ ಸೆಟ್ ಬೇಡ, ಸಾಧಾರಣ ಸೆಟ್ ತಗೊಂಡು ಉಳಿದ ದುಡ್ಡನ್ನು ಆಂಟೆನಾ, ಕೇಬಲ್ಲು, ಎಸ್‌ಡಬ್ಲ್ಯೂಆರ್ ಮೀಟರಿಗೆ (ಆಂಟೆನಾ ಸೆಟ್ಟಿಗೆ ಸರಿ ಹೊಂದಿದೆಯಾ ಅಂತ ಅಳೆಯುವುದು) ಹಾಕು. ಮೀಟರನ್ನು ಸೆಟ್ಟಿಗೂ ಆಂಟೆನಾಗೂ ಮಧ್ಯೆ ಸೇರಿಸಿ 1ನೇ ಚಾನೆಲ್ ಮತ್ತು 40ನೇ ಚಾನೆಲ್‌ನಲ್ಲಿ ಅಳೆ. 40ರಲ್ಲಿ ಜಾಸ್ತಿ ಬಂದರೆ ಆಂಟೆನಾ ಉದ್ದ ಆಗಿದೆ, ತುದಿಯ ಕಡ್ಡಿ ಇಳಿಸಿ ಗಿಡ್ಡ ಮಾಡು. 1ರಲ್ಲಿ ಜಾಸ್ತಿ ಬಂದರೆ ಗಿಡ್ಡ ಆಗಿದೆ. ಮೀಟರಿನ ಅಂಕಿ 2ರ ಒಳಗೆ ಇರಬೇಕು, 1.5 ಬಂದರೆ ಚೆನ್ನ, 3 ದಾಟಿದರೆ ಮೈಕ್ ಒತ್ತಲೇಬೇಡ, ಸೆಟ್ ಸುಟ್ಟುಹೋಗಬಹುದು. ಟ್ರಕ್ ಕಂಪನಿಯದಾದರೆ ತೂತು ಕೊರೆಯುವ ಮೊದಲು ಕೇಳು. ಎಷ್ಟೋ ಟ್ರಕ್ಕುಗಳಲ್ಲಿ ತಲೆ ಮೇಲೆ ಸಿಬಿಗೆ ಅಂತಲೇ ಜಾಗ, 12 ವೋಲ್ಟ್ ವೈರು, ಕನ್ನಡಿವರೆಗೆ ಕೇಬಲ್ ಮೊದಲೇ ಇರುತ್ತದೆ.

ಈಗ ಹ್ಯಾಮ್. ಇದಕ್ಕೆ ಇಲ್ಲಿನ ಸರ್ಕಾರದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಲೈಸೆನ್ಸ್ ಬೇಕು. ಮೊದಲ ಹಂತ ಟೆಕ್ನೀಷಿಯನ್. 35 ಪ್ರಶ್ನೆ, 26 ಸರಿ ಬಂದರೆ ಪಾಸು, ಪ್ರಶ್ನೆಗಳ ಪಟ್ಟಿ ಪೂರ್ತಿ ಮೊದಲೇ ಸಿಗುತ್ತದೆ. ಚುಕ್ಕಿ-ಗೆರೆಯ ಮೋರ್ಸ್ ಕೋಡ್ ಪರೀಕ್ಷೆ 2007ರಲ್ಲೇ ಹೋಯಿತು. ಎಫ್‌ಸಿಸಿಗೆ 35 ಡಾಲರ್, ಹತ್ತು ವರ್ಷಕ್ಕೆ. ಇಲ್ಲಿನ ಪೌರತ್ವ ಬೇಕಿಲ್ಲ, ಇಲ್ಲಿನ ವಿಳಾಸ ಇದ್ದರೆ ಸಾಕು. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡು, ಹ್ಯಾಮ್‌ನಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಲೋಡು ಎಲ್ಲಿ, ಡಿಸ್ಪ್ಯಾಚಿನವರು ಏನಂದರು, ಡಾಕ್ ಖಾಲಿ ಇದೆಯಾ, ಯಾವುದೂ ಇಲ್ಲ. ಆನ್‌ಲೈನ್‌ನಲ್ಲಿ ಮೂವತ್ತು ಡಾಲರಿಗೆ ಸಿಗುವ ಕೈ ಸೆಟ್ ತಗೊಂಡು ಲೈಸೆನ್ಸ್ ಇಲ್ಲದೆ ಮಾತಾಡಲು ಹೋಗಬೇಡ. ಕೇಳುವುದಕ್ಕೆ ಅಡ್ಡಿಯಿಲ್ಲ. ಸಿಬಿ ಆಂಟೆನಾಗೆ ಹ್ಯಾಮ್ ಸೆಟ್ ಸಿಕ್ಕಿಸಲೂ ಬೇಡ, ಅಳತೆಯೇ ಬೇರೆ. ಹ್ಯಾಮ್‌ನವರು ಬಳಸುವ ಎರಡು ಮೀಟರ್ ಅಲೆಯುದ್ದದ ಬ್ಯಾಂಡಿಗೆ ಅರ್ಧ ಮೀಟರಿನ ಕಡ್ಡಿ ಸಾಕು. 50 ವ್ಯಾಟ್ ಸೆಟ್ ಆದರೆ ವೈರನ್ನು ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದಲೇ ಎಳೆ.

ಹಾಗಿದ್ದರೆ ಹ್ಯಾಮ್ ಯಾಕೆ ಬೇಕು? ರಾತ್ರಿಗೆ ಬೇಕು ತಮ್ಮಾ. ಹನ್ನೊಂದು ಗಂಟೆ ಓಡಿಸಿ ಟ್ರಕ್ ಸ್ಟಾಪಿನಲ್ಲಿ ನಿಂತಾಗ ಊರಲ್ಲಿ ಬೆಳಗಿನ ಗಡಿಬಿಡಿ, ಮನೆಯವರಿಗೆ ಪುರುಸೊತ್ತು ಇರಲ್ಲ. ಮೊದಲೆರಡು ವರ್ಷ ನಾನು ದಿನಕ್ಕೆ ಹತ್ತು ಮಾತೂ ಆಡದೆ ಮಲಗಿದ್ದಿದೆ. ಲೈಸೆನ್ಸ್ ಬಂದ ಮೇಲೆ ಗುಡ್ಡದ ಮೇಲಿನ ರಿಪೀಟರ್ (ನಮ್ಮ ಮಾತು ಹಿಡಿದು ದೂರಕ್ಕೆ ಮರುಕಳಿಸುವ ಸೆಟ್) ಮೂಲಕ ಯಾವುದೋ ಊರಿನ ಅಜ್ಜನೊಬ್ಬ ನನ್ನ ಕಾಲ್ ಸೈನ್, ಅಂದರೆ ಲೈಸೆನ್ಸ್ ಜೊತೆ ಕೊಡುವ ಗುರುತು, ಕೇಳಿ, ಹೆಸರು ಕೇಳಿ, ಊಟ ಆಯಿತಾ ಅಂತ ಕೇಳಿದ. ನನ್ನ ಇಂಗ್ಲಿಷ್ ತಿದ್ದಿದ್ದು ಆ ಅಜ್ಜಂದಿರೇ. ಕನ್ನಡದಲ್ಲೂ ಮಾತಾಡಬಹುದು, ನಿಷೇಧ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಮತ್ತು ಮಾತು ಮುಗಿಯುವಾಗ ಕಾಲ್ ಸೈನ್ ಮಾತ್ರ ಇಂಗ್ಲಿಷಿನಲ್ಲಿ ಹೇಳಬೇಕು.

ಇನ್ನೊಂದು. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೆ ಟ್ರಕ್ ಡ್ರೈವರಿಗೆ ದೊಡ್ಡ ದಂಡ, ಲೈಸೆನ್ಸಿಗೂ ಪೆಟ್ಟು. ಫೆಡರಲ್ ನಿಯಮದ ಆ ಫೋನ್ ನಿಷೇಧದೊಳಗೆ ಸಿಬಿ ಮತ್ತು ಟೂ-ವೇ ರೇಡಿಯೋ ಬರಲ್ಲ. ರಾಜ್ಯದ ನಿಯಮ ಬೇರೆ ಇರಬಹುದು, ಹೋಗುವ ರಾಜ್ಯದ್ದು ನೋಡಿಕೋ.

ಈ ವಾರವೇ ಆಂಟೆನಾ ಹಾಕಿಸು, ಪಕ್ಕದಲ್ಲಿ ನಿಂತು ಬಣ್ಣ ಕೆರೆಸು. 1 ಮತ್ತು 40ರಲ್ಲಿ ಮೀಟರ್ ಎಷ್ಟು ತೋರಿಸಿತು ಅಂತ ನನಗೆ ಬರೆದು ಕಳಿಸು. ಅದು ಸರಿಯಾಗುವವರೆಗೆ ವಯೋಮಿಂಗ್ ಕಡೆ ಲೋಡು ಒಪ್ಪಬೇಡ.